ಸಾಲದ ಮನೆ

ಶೂನೇಮ್ ಎಂಬ ಊರಿನಲ್ಲಿ ಧನವಂತೆಯಾದ ಒಬ್ಬ ಸ್ತ್ರೀ ಇದ್ದಳು. ದೇವರ ಮನುಷ್ಯನಾದ ಎಲೀಷನು ಆ ಮಾರ್ಗವಾಗಿ ಹೋಗಿ ಬರುವಾಗಲೆಲ್ಲಾ ಆಕೆಯ ಮನೆಯಲ್ಲಿ ಊಟಕ್ಕೆ ಇಳಿದುಕೊಳ್ಳುತ್ತಿದ್ದನು. ಆಕೆಯು ತನ್ನ ಗಂಡನ ಸಂಗಡ ಆಲೋಚಿಸಿ ಅವನಿಗೋಸ್ಕರ ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆಯನ್ನು ಸಿದ್ಧಪಡಿಸಿ, ಮಂಚ, ಮೇಜು, ಪೀಠ, ದೀಪಸ್ತಂಭ ಈ ನಾಲ್ಕನ್ನು ಅದರಲ್ಲಿ ಇಡಬೇಕೆಂದು ಮನಸ್ಸು ಮಾಡಿದಳೆಂಬದನ್ನು ಅರಸುಗಳ ಎರಡನೆಯ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಓದುತ್ತೇವೆ. ಆಕೆಗೆ ಹೆಚ್ಚು ಕೊಡುವ ಶಕ್ತಿ ಇದ್ದಿಲ್ಲವೆಂದಲ್ಲ. ಪ್ರವಾದಿಯೂ ಇಷ್ಟೇಯೋ ಎಂದು ಕೇಳಲಿಲ್ಲ. ಆ ಕೋಣೆಯಲ್ಲಿ ಮಲಗಿ ಎದ್ದ ಮೇಲೆ, ಈಕೆಗೆ ನಾನು ಪ್ರತಿಯಾಗಿ ಏನು ಮಾಡಲಿ ಎಂಬ ಚಿಂತೆಯೇ ಅವನಿಗೆ ಹತ್ತಿತು.

ಪ್ರಿಯ ವಾಚಕರೇ, ಒಂದು ಕುಟುಂಬಕ್ಕೆ ಎಷ್ಟು ಮನೆ ಸಾಕು ಎಂಬ ಪ್ರಶ್ನೆಯು ಲೆಕ್ಕದ ಪ್ರಶ್ನೆಯಂತೆ ತೋರುತ್ತದೆ. ಆದರೆ ಅದು ಆತ್ಮಕ್ಕೆ ಸಂಬಂಧಪಟ್ಟ ಪ್ರಶ್ನೆಯೂ ಆಗಿರುವದರಿಂದ ಇದನ್ನು ಬರೆಯುತ್ತೇನೆ.

ಅಮೇರಿಕಾ ದೇಶದ ಚಿಕಾಗೋ ಪಟ್ಟಣದಲ್ಲಿ ಸಿಯರ್ಸ್ ರೋಬಕ್ ಎಂಬ ಹೆಸರಿನ ವ್ಯಾಪಾರದವರು ೧೯೦೮ರಿಂದ ೧೯೪೦ರ ವರೆಗೆ ಮನೆಗಳನ್ನೇ ಅಂಚೆಯ ಮೂಲಕ ಮಾರಿದರು. ಮೊದಲನೆಯ ವರುಷದ ಅವರ ಪಟ್ಟಿಯಲ್ಲಿ ೩೬೦ ಡಾಲರಿನಿಂದ ೨,೮೯೦ ಡಾಲರಿನ ವರೆಗೆ ಬೆಲೆಯುಳ್ಳ ಮನೆಗಳಿದ್ದವು. ರೈತನಾಗಲಿ ಕಾರ್ಖಾನೆಯ ಕೂಲಿಯಾಗಲಿ ಚಿತ್ರವನ್ನು ನೋಡಿ ತನಗೆ ಒಪ್ಪಿದ್ದನ್ನು ಆರಿಸಿ ಪತ್ರ ಬರೆದರೆ, ಕೆಲವು ವಾರಗಳೊಳಗೆ ಮನೆಯ ಸಾಮಾನೆಲ್ಲವೂ ರೈಲಿನ ಡಬ್ಬಿಯಲ್ಲಿ ಹತ್ತಿರದ ನಿಲ್ದಾಣಕ್ಕೆ ಬಂದಿಳಿಯುತ್ತಿತ್ತು. ಮೊದಮೊದಲು ಮರವನ್ನು ಕೊಂಡವನೇ ಕೊಯ್ದುಕೊಳ್ಳಬೇಕಾಗಿತ್ತು. ಮುಂದೆ ತೊಲೆ, ಜಂತಿ, ಹಲಗೆಗಳನ್ನು ಕಾರ್ಖಾನೆಯಲ್ಲಿಯೇ ಅಳತೆಗೆ ತಕ್ಕಂತೆ ಕೊಯ್ದು, ಒಂದೊಂದಕ್ಕೂ ಗುರುತು ಹಾಕಿ, ಮೊಳೆ, ಬಣ್ಣ, ಕದ, ಕಿಟಕಿ, ಬೀಗದ ವರೆಗೆ ಎಲ್ಲವನ್ನೂ ಕೂಡಿಸಿ ಕಳುಹಿಸುವದಾಯಿತು. ಒಂದು ಮನೆಗೆ ಮೂವತ್ತು ಸಾವಿರದಷ್ಟು ಬಿಡಿಭಾಗಗಳು ಬರುತ್ತಿದ್ದದ್ದುಂಟು. ಜೊತೆಯಲ್ಲಿ ಬಂದ ಪುಸ್ತಕವನ್ನು ನೋಡಿಕೊಂಡು ಮನೆಯವನೂ ನೆರೆಯವರೂ ಕೂಡಿ ಅವುಗಳನ್ನು ಜೋಡಿಸುತ್ತಿದ್ದರು. ಹೀಗೆ ಎಪ್ಪತ್ತು ಸಾವಿರಕ್ಕಿಂತ ಹೆಚ್ಚು ಮನೆಗಳು ಮಾರಾಟವಾದವೆಂದು ಎಣಿಸಲಾಗಿದೆ. ಅವುಗಳಲ್ಲಿ ಅನೇಕವು ಇಂದಿಗೂ ನಿಂತಿವೆ.

ಈ ಕ್ರಮವನ್ನು ಓದಿದಾಗ ನನಗೆ ಸೊಲೊಮೋನನ ದೇವಾಲಯವು ನೆನಪಿಗೆ ಬಂತು. ಅದರ ಕಲ್ಲುಗಳನ್ನು ಗಣಿಯಲ್ಲಿಯೇ ಕೆತ್ತಿ ಸಿದ್ಧಮಾಡಿ ತಂದದ್ದರಿಂದ ಕಟ್ಟುವ ಸ್ಥಳದಲ್ಲಿ ಸುತ್ತಿಗೆಯ ಶಬ್ದವಾಗಲಿ ಕೊಡಲಿಯ ಶಬ್ದವಾಗಲಿ ಕೇಳಿಸಲಿಲ್ಲವಷ್ಟೆ (೧ ಅರಸು ೬:೭). ಮೊದಲೇ ಅಳೆದು ಕೊಯ್ದು ತರುವದು ಹೊಸ ಬುದ್ಧಿಯೇನೂ ಅಲ್ಲ. ದೇವಾಲಯಕ್ಕೆ ಯೋಗ್ಯವಾದ ಕ್ರಮವು ಬಡವನ ಮನೆಗೂ ಯೋಗ್ಯವೇ.

ಈಗ ನಮ್ಮ ದೇಶದಲ್ಲಿಯೂ ಕಬ್ಬಿಣದ ಚೌಕಟ್ಟು, ತಗಡು, ಹಲಗೆಗಳನ್ನು ಲಾರಿಯಲ್ಲಿ ತಂದು ಕೆಲವು ದಿವಸಗಳಲ್ಲಿ ನಿಲ್ಲಿಸಿಕೊಡುವ ಚಿಕ್ಕ ಮನೆಗಳು ಮಾರಾಟಕ್ಕೆ ಬರುತ್ತಿವೆ. ಕೊಳ್ಳಬೇಕೆಂದಿರುವವರಿಗೆ ಒಂದು ಮಾತು. ಸಿಯರ್ಸಿನವರ ಪಟ್ಟಿಯಲ್ಲಿದ್ದ ಬೆಲೆಯು ಮರಮುಟ್ಟುಗಳ ಬೆಲೆಯಾಗಿತ್ತು. ನಿವೇಶನ, ಅಸ್ತಿವಾರ, ಇಟ್ಟಿಗೆ, ಸುಣ್ಣಗಾರೆ, ಕೂಲಿ ಇವುಗಳು ಅದರಲ್ಲಿ ಸೇರಿದ್ದಿಲ್ಲ. ಬಿಡಿಭಾಗಗಳ ಮನೆಯನ್ನು ಕೊಳ್ಳುವವನು ಎಲ್ಲಿಯೇ ಆಗಲಿ ಮೋಸಹೋಗುವದು ಇಲ್ಲಿಯೇ. ಬೆಲೆಯ ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಎಣಿಸಿ, ಬಾವಿ, ಬಚ್ಚಲು, ದಾರಿ, ಲಾರಿಯ ಬಾಡಿಗೆ ಇವುಗಳನ್ನು ಎಣಿಸದೆ ಬಿಡುತ್ತಾನೆ. ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಿಸುತ್ತಾನಲ್ಲವೇ ಎಂದು ನಮ್ಮ ಕರ್ತನು ಶಿಷ್ಯತ್ವದ ವಿಷಯವಾಗಿ ಕೇಳಿದ್ದು ಸತ್ಯ (ಲೂಕ ೧೪). ಆದರೆ ಬಡಗಿಯ ಮನೆಯಲ್ಲಿ ಬೆಳೆದಾತನು ಆ ಸಾಮ್ಯವನ್ನು ಸುಮ್ಮನೆ ಆರಿಸಿಕೊಂಡಿರಲಿಕ್ಕಿಲ್ಲ. ಅರ್ಧಕ್ಕೆ ನಿಂತ ಗೋಡೆಗಳನ್ನು ಆತನು ಕಣ್ಣಾರೆ ಕಂಡಿರಬೇಕು.

ಸಿಯರ್ಸಿನವರ ಕಥೆಗೆ ಇನ್ನೊಂದು ಭಾಗವುಂಟು. ಅವರು ೧೯೧೧ರಿಂದ ಮನೆಗೆ ಸಾಲವನ್ನೂ ಕೊಡತೊಡಗಿದರು. ಸಾಲ ಸಿಕ್ಕಿದ್ದರಿಂದ ವ್ಯಾಪಾರವು ಬೆಳೆಯಿತು. ಜನರು ಮೊದಲು ನೋಡಿದ ಪುಟವನ್ನು ಬಿಟ್ಟು ಮುಂದಿನ ಪುಟದ ದೊಡ್ಡ ಮನೆಯನ್ನು ನೋಡುವದೂ ಸುಲಭವಾಯಿತು. ೧೯೨೯ರ ತರುವಾಯ ಆ ದೇಶದಲ್ಲಿ ಕೆಲಸವಿಲ್ಲದ ಕಾಲ ಬಂದಾಗ ಅನೇಕರು ಕಂತು ಕಟ್ಟಲಾರದೆ ಹೋದರು. ತಾನೇ ಮಾರಿದ ಮನೆಗಳನ್ನು, ಕೊಂಡವರು ತಮ್ಮ ಕೈಯಾರೆ ಮೊಳೆ ಹೊಡೆದು ಕಟ್ಟಿದ ಮನೆಗಳನ್ನು, ಆ ವ್ಯಾಪಾರವೇ ತಿರಿಗಿ ಸ್ವಾಧೀನಪಡಿಸಿಕೊಳ್ಳಬೇಕಾಯಿತು.

ನಮ್ಮ ಕನ್ನಡದಲ್ಲಿ “ಸಾಲದ ಮನೆ” ಎಂಬ ಮಾತಿಗೆ ಎರಡರ್ಥಗಳುಂಟು. ಸಾಲ ಮಾಡಿ ಕಟ್ಟಿದ ಮನೆ ಎಂಬದು ಒಂದು. ಸಾಕಾಗದ ಮನೆ ಎಂಬದು ಇನ್ನೊಂದು. ಮೊದಲು ಮನೆ ಸಾಲದೆಂಬ ಮಾತು ಬರುವದು, ಸಾಲಪತ್ರವು ಅದರ ಬೆನ್ನು ಹಿಡಿದು ಬರುವದು.

ನಾನು ಸೇವೆಮಾಡಿದ ಒಂದು ಸಭೆಯಲ್ಲಿ ಒಬ್ಬ ಸಹೋದರನಿಗೆ ತಂದೆಯ ಕಾಲದ ಮೂರಂಕಣದ ಮಣ್ಣಿನ ಗೋಡೆಯ ಹೆಂಚಿನ ಮನೆ ಇತ್ತು. ಮಳೆಗಾಲದಲ್ಲಿ ಒಂದು ಹನಿ ಸೋರುತ್ತಿದ್ದಿಲ್ಲ. ಹಿರಿಯ ಮಗನಿಗೆ ಹೆಣ್ಣು ಗೊತ್ತುಮಾಡುವಾಗ ಬೀಗರ ಕಡೆಯವರೊಬ್ಬರು ಪಡಸಾಲೆಯಲ್ಲಿ ನಿಂತು ಮೇಲೆ ಕೆಳಗೆ ನೋಡಿ, “ಮನೆ ಇಷ್ಟೇ ಏನು?” ಅಂದರು. ಆ ಮಾತು ಆ ಸಹೋದರನನ್ನು ಮಲಗಗೊಡಲಿಲ್ಲ. ಎರಡೆಕರೆ ಹೊಲವನ್ನು ಅಡವಿಟ್ಟು, ಮೇಲೆ ಬಡ್ಡಿಯ ಸಾಲವನ್ನೂ ಎತ್ತಿ, ಎರಡು ಅಂತಸ್ತಿನ ತಾರಸಿ ಮನೆಯನ್ನು ಕಟ್ಟಿಸಿದನು. ಅದರ ಪ್ರತಿಷ್ಠೆಯ ದಿನ ಪ್ರಾರ್ಥಿಸಿದವನು ನಾನೇ. ಕರ್ತನು ಈ ಕುಟುಂಬವನ್ನು ಉನ್ನತಿಗೆ ತಂದನೆಂದು ಅಂಗಳ ತುಂಬ ನೆರೆದ ಜನರ ಮುಂದೆ ಬಹಳ ಹೊತ್ತು ಮಾತಾಡಿದೆನು. ಗೌಂಡಿಯ ಎರಡು ತಿಂಗಳ ಕೂಲಿ ಬಾಕಿ ಇದೆಯೆಂಬದು ನನಗೆ ಗೊತ್ತಿತ್ತು. ಅವನು ಜನರ ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದನ್ನೂ ಕಂಡೆನು. ಕೂಲಿಯನ್ನು ಹಿಡಿದಿಟ್ಟುಕೊಂಡವರ ವಿಷಯವಾಗಿ ಯಾಕೋಬನು ಬರೆದದ್ದನ್ನು ನಾನು ಎಷ್ಟೋ ಸಾರಿ ಬೋಧಿಸಿದ್ದೆನು. ಆ ದಿವಸ ಅದು ನನ್ನ ಬಾಯಿಗೆ ಬರಲಿಲ್ಲ.

ತಪ್ಪು ಆ ಸಹೋದರನದು ಮಾತ್ರವಲ್ಲ. ಚಿಕ್ಕ ಮನೆಗಳಲ್ಲಿ ಪ್ರಾರ್ಥನೆಗೆ ಕರೆದಾಗ ನಾನು ಅಷ್ಟು ಹೊತ್ತು ಎಂದಾದರೂ ಮಾತಾಡಿದ್ದುಂಟೋ? ದೊಡ್ಡ ಮನೆಯೇ ಆಶೀರ್ವಾದದ ಗುರುತೆಂದು ಉಪದೇಶಿಯೇ ತೋರಿಸಿಕೊಟ್ಟರೆ ಸಭೆಯವರು ಬೇರೆ ಏನನ್ನು ಕಲಿಯುವರು?

ಹಾಗಾದರೆ ಎಲ್ಲರೂ ಚಿಕ್ಕ ಮನೆಯಲ್ಲಿಯೇ ಇರತಕ್ಕದ್ದೋ? ಇಲ್ಲಿ ನಾವು ಜಾಗ್ರತೆಯಿಂದ ಮಾತಾಡಬೇಕು. ಅಮೇರಿಕಾದ ಥೋರೋ ಎಂಬ ವಿದ್ವಾಂಸನು ೧೮೪೫ರಲ್ಲಿ ವಾಲ್ಡನ್ ಎಂಬ ಕೆರೆಯ ದಡದ ಕಾಡಿನಲ್ಲಿ ಹತ್ತಡಿ ಅಗಲ, ಹದಿನೈದು ಅಡಿ ಉದ್ದದ ಗುಡಿಸಲನ್ನು ಕಟ್ಟಿಕೊಂಡನು. ಒಟ್ಟು ಖರ್ಚು ೨೮ ಡಾಲರ್ ಹನ್ನೆರಡೂವರೆ ಸೆಂಟು ಎಂದು ಅವನೇ ಲೆಕ್ಕ ಬರೆದಿಟ್ಟಿದ್ದಾನೆ. ಒಂದು ಮಂಚ, ಮೇಜುಗಳು, ಮೂರು ಕುರ್ಚಿಗಳು ಅದರೊಳಗೆ ಇದ್ದವು. ಶೂನೇಮಿನ ಕೋಣೆಗಿಂತ ಬಹಳ ಹೆಚ್ಚಲ್ಲ. ಎರಡು ವರುಷ ಎರಡು ತಿಂಗಳು ಅಲ್ಲಿ ವಾಸಿಸಿ, ಮನುಷ್ಯನಿಗೆ ಎಷ್ಟು ಅಲ್ಪವು ಸಾಕೆಂಬದನ್ನು ಬರೆದನು. ಲೋಕದಲ್ಲಿ ಅನೇಕರು ಅದನ್ನು ಓದಿ ಮೆಚ್ಚಿದ್ದಾರೆ.

ಆದರೆ ಆ ಗುಡಿಸಲಿನ ಹಲಗೆಗಳು ಎಲ್ಲಿಂದ ಬಂದವು? ರೈಲುದಾರಿಯ ಕೆಲಸಕ್ಕೆ ಬಂದಿದ್ದ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಗುಡಿಸಲನ್ನು ೪ ಡಾಲರ್ ೨೫ ಸೆಂಟಿಗೆ ಕೊಂಡು ಕಿತ್ತು ತಂದವುಗಳು. ಮರುದಿನ ಬೆಳಗ್ಗೆ ಆ ಕುಟುಂಬದವರು ತಮ್ಮ ಸರ್ವಸ್ವವನ್ನೂ ಒಂದು ಗಂಟಿನಲ್ಲಿ ಕಟ್ಟಿಕೊಂಡು ದಾರಿಯಲ್ಲಿ ಹೋಗುತ್ತಿದ್ದರೆಂದು ಥೋರೋವೇ ಬರೆಯುತ್ತಾನೆ. ಅವರು ಎಲ್ಲಿಗೆ ಹೋದರೋ! ಚಿಕ್ಕ ಮನೆಯಲ್ಲಿ ಬಾಳುವ ವಿದ್ಯೆಯನ್ನು ಕಾಲಿನ್ಸನ ಹೆಂಡತಿಗೆ ಯಾರೂ ಕಲಿಸಬೇಕಾಗಿದ್ದಿಲ್ಲ. ಥೋರೋವಿಗೆ ಮದುವೆಯಾಗಿದ್ದಿಲ್ಲ, ಮಕ್ಕಳಿದ್ದಿಲ್ಲ, ಕಾಡಿನ ಸ್ಥಳವು ಅವನ ಸ್ನೇಹಿತನದಾಗಿತ್ತು, ತಾಯಿಯ ಮನೆಯು ನಡೆದು ಹೋಗುವಷ್ಟು ಹತ್ತಿರವಿತ್ತು. ಮನಸ್ಸಿದ್ದಾಗ ಒಳಗೆ ಹೋಗಿ ಮನಸ್ಸಿದ್ದಾಗ ಹೊರಗೆ ಬರುವ ಬಡತನವು ಒಂದು. ಬಾಗಿಲೇ ಇಲ್ಲದ ಬಡತನವು ಇನ್ನೊಂದು. ಎಂಟು ಜನರು ಒಂದೇ ಕೋಣೆಯಲ್ಲಿ ಮಲಗುವ ಮನೆಗೆ ಹೋಗಿ, ಅಲ್ಲಿ ಬಾಣಂತಿಗೆ ಮರೆಯಿಲ್ಲ, ಪ್ರಾಯಕ್ಕೆ ಬಂದ ಹುಡುಗಿಗೆ ಬಚ್ಚಲಿಲ್ಲ ಎಂಬದನ್ನು ಕಂಡೂ, ಸಂತುಷ್ಟಿಯ ಮೇಲೆ ಪ್ರಸಂಗ ಮಾಡುವ ಉಪದೇಶಿಯು ಸುಳ್ಳು ಸಾಕ್ಷಿ ಹೇಳುವವನಾಗಿದ್ದಾನೆ. ಮನುಷ್ಯಕುಮಾರನಿಗೆ ತಲೆಯಿಡುವ ಸ್ಥಳವಿಲ್ಲದೆ ಹೋದದ್ದು ಆತನು ತಾನಾಗಿ ವಹಿಸಿಕೊಂಡದ್ದು. ಅದನ್ನು ನೆರೆಯವನ ಮೇಲೆ ಹೊರಿಸುವ ಅಧಿಕಾರವನ್ನು ಆತನು ನಮಗೆ ಕೊಟ್ಟಿಲ್ಲ.

ಚಿಕ್ಕ ಮನೆಯು ದಯೆಯ ಕೆಲಸವಾದದ್ದೂ ಉಂಟು. ೧೯೦೬ನೇ ಏಪ್ರಿಲ್ ೧೮ರಲ್ಲಿ ಸಾನ್ ಫ್ರಾನ್ಸಿಸ್ಕೋ ಪಟ್ಟಣವು ಭೂಕಂಪದಿಂದಲೂ ಬೆಂಕಿಯಿಂದಲೂ ಹಾಳಾಗಿ ಎರಡು ಲಕ್ಷಕ್ಕೂ ಹೆಚ್ಚು ಜನರು ಮನೆಯಿಲ್ಲದವರಾದರು. ಡೇರೆಗಳಲ್ಲಿ ಚಳಿಗಾಲವನ್ನು ಕಳೆಯಲಾಗದೆಂದು ಅಲ್ಲಿಯವರು ೫,೬೧೦ ಮರದ ಚಿಕ್ಕ ಮನೆಗಳನ್ನು ಕಟ್ಟಿಸಿದರು. ಕೆಲವು ಹತ್ತಡಿಗೆ ಹದಿನಾಲ್ಕಡಿ ಮಾತ್ರ. ತಿಂಗಳಿಗೆ ಎರಡು ಡಾಲರ್ ಕೊಡುತ್ತಾ ಬಂದು ಐವತ್ತು ಡಾಲರ್ ತುಂಬಿದರೆ ಮನೆಯು ಅವರದೇ. ಬಿಡಾರಗಳನ್ನು ಮುಚ್ಚುವಾಗ ಜನರು ಆ ಮನೆಗಳನ್ನು ಗಾಡಿಗಳ ಮೇಲೆ ಏರಿಸಿ ಕುದುರೆಗಳಿಂದ ಎಳೆಸಿಕೊಂಡು ಹೋಗಿ, ತಮಗೆ ಸಿಕ್ಕಿದ ಸ್ಥಳಗಳಲ್ಲಿ ಇಳಿಸಿಕೊಂಡರು. ಎರಡು ಮೂರನ್ನು ಕೂಡಿಸಿ ಒಂದು ಮಾಡಿದವರೂ ಉಂಟು. ಮೊದಲು ಬಾಡಿಗೆಯ ಮನೆಗಳಲ್ಲಿದ್ದ ಎಷ್ಟೋ ಮಂದಿಗೆ ಸ್ವಂತ ಮನೆಯಾದದ್ದು ಹೀಗೆಯೇ. ಅಂಥ ಕೆಲವು ಮನೆಗಳನ್ನು ಆ ಪಟ್ಟಣದವರು ಇನ್ನೂ ಕಾಪಾಡಿಕೊಂಡಿದ್ದಾರೆ. ತೀರಿಸಬಹುದಾದ ಸಾಲವೂ ಮುಂದೆ ಬೆಳೆಸಬಹುದಾದ ಮನೆಯೂ ಕೂಡಿದರೆ ಬಡವನಿಗೆ ಉಪಕಾರವಾಗುತ್ತದೆ.

ನಮ್ಮ ಹಿರಿಯರಲ್ಲಿಯೂ ದೀಕ್ಷಾಸ್ನಾನ ಹೊಂದಿದ ಕಾರಣ ಮನೆಯಿಂದ ಹೊರಗೆ ಹಾಕಲ್ಪಟ್ಟವರಿದ್ದರು. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಾಗ ಅಂಥವರ ಕೈಗೆ ಕೆಲಸ ಸಿಕ್ಕಿತು, ಊರಿನವರ ತಲೆಗೆ ಬೆಂಕಿ ಹತ್ತದ ಮಾಡು ಸಿಕ್ಕಿತು. ಆ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂಡುವದರಿಂದ ಒಡೆದದ್ದನ್ನು ತೆಗೆದು ಬೇರೊಂದನ್ನು ಇಡುವದು ಸುಲಭ. ಮೇಲೆ ಹೇಳಿದ ಸಹೋದರನ ಹಳೆಯ ಮನೆಯ ಮೇಲೆಯೂ ಅಂಥ ಹೆಂಚೇ ಇತ್ತು. ಅದನ್ನು ಇಳಿಸಿದಾಗ ಹಿತ್ತಲಿನ ಅಡಿಗೆಯ ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮಾರಿದರು.

ಈಗ ತಾರಸಿಯ ಮನೆಗೆ ಬೀಗ ಬಿದ್ದಿದೆ. ತಂದೆಯೂ ಮಕ್ಕಳೂ ಕಂತು ಕಟ್ಟುವದಕ್ಕಾಗಿ ಪಟ್ಟಣದಲ್ಲಿ ಕೂಲಿಯಲ್ಲಿದ್ದಾರೆ. ಸೊಸೆಯೂ ಅಲ್ಲಿಯೇ ಒಂದು ಬಾಡಿಗೆಯ ಕೋಣೆಯಲ್ಲಿದ್ದಾಳೆ. ಅಜ್ಜಿಯೊಬ್ಬಳೇ ಹಿತ್ತಲಿನ ಆ ಅಡಿಗೆಯ ಮನೆಯಲ್ಲಿ ಮಂಚ ಹಾಕಿಕೊಂಡಿದ್ದಾಳೆ. ದೊಡ್ಡ ಮನೆಯ ಬೀಗದಕೈ ಆಕೆಯ ಸೊಂಟದಲ್ಲಿದೆ, ಆದರೂ ಒಳಗೆ ಹೋಗುವದಿಲ್ಲ. ಹೋದ ತಿಂಗಳು ನೋಡಲು ಹೋದಾಗ ಮಣೆ ಕೊಟ್ಟು ಕೂಡ್ರಿಸಿ, ದೀಪ ಹಚ್ಚಿ, “ಉಪದೇಶಿಗಳೇ, ಇಲ್ಲಿಯೂ ಒಂದು ಪ್ರಾರ್ಥನೆ ಮಾಡಿರಿ, ಆ ದಿವಸ ಈ ಕೋಣೆಗೆ ನೀವು ಬರಲೇ ಇಲ್ಲ” ಅಂದಳು. ನಾನು ಪ್ರಾರ್ಥಿಸಿದೆನು. ಗೌಂಡಿಯ ಬಾಕಿ ತೀರಿತೋ ಎಂದು ಆಮೇಲೆ ಕೇಳಿದೆನು. ಅರ್ಧ ಕೊಟ್ಟಿದ್ದಾರೆ ಅಂದಳು.