ಬ್ರೇಕು ಯಾರದು?

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಟ್ಯಾಂಕರಿಗೂ ಸೈ. ಅರ್ಧ ತುಂಬಿದ ಟ್ಯಾಂಕರೇ ಹೆಚ್ಚು ಗಂಡಾಂತರದ್ದು. ಗಕ್ಕನೆ ಬ್ರೇಕು ಒತ್ತಿದರೆ ಒಳಗಿನ ಎಣ್ಣೆ ಮುಂದಕ್ಕೆ ನುಗ್ಗಿ ಗಾಡಿಯನ್ನೇ ದಬ್ಬುತ್ತದೆ. ತಿರುವಿನಲ್ಲಿ ಒಂದು ಬದಿಗೆ ಹೊರಳಿ ಗಾಡಿ ಉರುಳಿಸುತ್ತದೆ.

ಬಸವಕಲ್ಯಾಣ, ಹುಮನಾಬಾದಿನ ಬಡವರ ಹುಡುಗರು ಇದನ್ನು ಪುಣೆ-ಹೈದರಾಬಾದ್ ಹೆದ್ದಾರಿಯ ಮೇಲೆ, ಕ್ಲೀನರ್ ಆಗಿ, ಉಸ್ತಾದನ ಪಕ್ಕ ಕೂತು ಕಲಿಯುತ್ತಾರೆ. ಸಾರಿಗೆ ವಾಹನದ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಸರಕಾರ 2019ರಲ್ಲಿ ತೆಗೆಯಿತು. ಪೆಟ್ರೋಲಿನಂಥ ಅಪಾಯದ ಸರಕಿಗೆ ಮಾತ್ರ ಓದುಬರಹವೂ 3 ದಿನದ ತರಬೇತಿಯೂ ಬೇಕು.

ಬಾಗಿಲು ತೆರೆಯಿತು, ಸರಿ. ಆದರೆ ವಿದ್ಯೆಯೊಂದೇ ಸಾಕೇನು? ನಿದ್ದೆ ಎಳೆದಾಗ ಗಾಡಿ ಬದಿಗೆ ಹಾಕಬೇಕೆಂದು ಹೊಸ ಡ್ರೈವರಿಗೆ ಗೊತ್ತು. ಅಷ್ಟರಲ್ಲಿ ಮಾಲೀಕನ ಫೋನು: "ಬೆಳಗಾಗೋದ್ರಾಗ ಮಾಲು ಮುಟ್ಟಬೇಕು." ನಿಲ್ಲಿಸಿದರೆ ನಾಳೆ ಸ್ಟೇರಿಂಗ್ ಇನ್ನೊಬ್ಬನ ಕೈಗೆ. ಓಡಿಸಿ ಸತ್ತರೆ, ಡ್ರೈವರನದೇ ತಪ್ಪು. ಕಾಲು ಇವನದು, ಬ್ರೇಕು ಮಾಲೀಕನದು, ಕೇಸು ಮತ್ತೆ ಇವನ ಮೇಲೆ! ತಿಳಿದದ್ದನ್ನು ನಡೆಸುವ ಹಕ್ಕು ಕೊಡದೆ ಹೊಣೆಯನ್ನು ಮಾತ್ರ ಹೊರಿಸುವುದು ಯಾವ ನ್ಯಾಯ?

12ನೇ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ ದೋಣಿಯ ಕಸುಬನ್ನು ಹೆಸರಲ್ಲೇ ಹೊತ್ತವನು, ದೊಡ್ಡವರೆದುರು ಖಾರವಾಗಿಯೇ ಮಾತಾಡಿದವನು. ಕಾಯಕವೆಂದರೆ ಬರೀ ದುಡಿತವಲ್ಲ, ದುಡಿಯುವವನ ಮಾತಿಗೂ ತೂಕ ಇರಬೇಕು. ಶರಣರು ನಡೆದಾಡಿದ ಕಲ್ಯಾಣದ ಹೆಸರು ಹೇಳಿಕೊಳ್ಳುವ ನಾವು ಇದನ್ನು ಮರೆಯಬಾರದು.

ಹೊಸ ಡ್ರೈವರ್ ಕಲಿಯಬೇಕಾದ ದೊಡ್ಡ ಪಾಠ, "ಆಗಂಗಿಲ್ರೀ ಸಾವಕಾರ್ರ, ಮಲಗಿ ಎದ್ದು ಹೊರಡ್ತೀನಿ" ಅನ್ನೋದು. ಒಬ್ಬನೇ ಅಂದರೆ ನೌಕರಿ ಹೋಗುತ್ತದೆ. ಅದಕ್ಕೇ ಎಲ್ಲರೂ ಕೂಡಿ ಅನ್ನಬೇಕು.