ಸರ್ವರ್ ಬಿದ್ದ ದಿನ ಸಾಲಿನಲ್ಲಿ ನಿಂತವರು

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳು ನಿಂತುಹೋದವು. ಯಾರೋ ಹೊರಗಿನಿಂದ ನುಗ್ಗಿ ಐದು ಸರ್ವರುಗಳಲ್ಲಿದ್ದ ಮಾಹಿತಿಗೆ ಬೀಗ ಜಡಿದಿದ್ದರು. ಹೊರರೋಗಿ ಚೀಟಿ, ದಾಖಲು, ಬಿಡುಗಡೆ ಎಲ್ಲ ಕೈಬರಹಕ್ಕೆ ಬಂತು. ಈ ಕೆಲಸಗಳು ಮತ್ತೆ ಕಂಪ್ಯೂಟರಿಗೆ ಮರಳಲು ಎರಡು ವಾರ ಹಿಡಿಯಿತು.

ಆ ಎರಡು ವಾರ ಸಾಲಿನಲ್ಲಿ ನಿಂತವರು ಯಾರು ಸ್ವಾಮಿ? ದುಡ್ಡಿದ್ದವನು ಖಾಸಗಿ ಆಸ್ಪತ್ರೆಗೆ ಹೋದಾನು. ಬಿಹಾರದಿಂದ ರೈಲು ಹತ್ತಿ ಬಂದು ಫುಟ್‌ಪಾತಿನಲ್ಲಿ ಮಲಗುವ ರೋಗಿಗೆ ಇನ್ನೊಂದು ಬಾಗಿಲು ಎಲ್ಲಿದೆ?

ಎರಡೇ ದಿನಕ್ಕೆ ದೆಹಲಿ ಪೊಲೀಸರು ಸುಲಿಗೆ, ಸೈಬರ್ ಭಯೋತ್ಪಾದನೆ ಅಂತ ಕೇಸು ಬರೆದರು. ಐಟಿ ಕಾಯ್ದೆಗೆ 2008ರಲ್ಲಿ ಸೇರಿದ 66ಎಫ್ ಕಲಮಿನ ಪ್ರಕಾರ ಇದಕ್ಕೆ ಜೀವಾವಧಿ ಶಿಕ್ಷೆಯವರೆಗೂ ಆಗಬಹುದು. ಆಗಲಿ, ಬೇಡ ಅನ್ನೋರು ಯಾರು? ಆದರೆ 2023ರಲ್ಲಿ ಸರ್ಕಾರವೇ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ ನೋಡಿ: ಆಸ್ಪತ್ರೆಯ ಜಾಲವನ್ನು ಸರಿಯಾಗಿ ವಿಂಗಡಿಸಿರಲಿಲ್ಲ, ಅದರಿಂದ ಹೀಗಾಯಿತು. ಅಂದರೆ ಒಂದು ಕೋಣೆಗೆ ನುಗ್ಗಿದವನಿಗೆ ಉಳಿದ ಕೋಣೆಗಳೂ ತೆರೆದೇ ಇದ್ದವು. ಕಾವಲಿಗೆ ಸಂಸ್ಥೆಗಳ ಬರವೇನೂ ಇರಲಿಲ್ಲ. 2004ರಿಂದ ಸರ್ಟ್-ಇನ್ ಇದೆ, 2014ರಿಂದ ದೇಶದ ಮುಖ್ಯ ಮಾಹಿತಿ ವ್ಯವಸ್ಥೆಗಳನ್ನು ಕಾಯಲು ಇನ್ನೊಂದು ಕೇಂದ್ರವೂ ಇದೆ.

ಕಾನೂನು ನುಗ್ಗಿದವನ ಉದ್ದೇಶ ನೋಡುತ್ತದೆ. ದೇಶದ ಏಕತೆಗೆ, ಭದ್ರತೆಗೆ ಬೆದರಿಕೆ ಹಾಕುವ ಉದ್ದೇಶ ಇದ್ದರೆ ಅದು ಭಯೋತ್ಪಾದನೆ. ಇಲ್ಲದಿದ್ದರೆ? ನಮ್ಮೂರ ನ್ಯಾಯಬೆಲೆ ಅಂಗಡಿಯ ಮುಂದೆ ‘ಸರ್ವರ್ ಇಲ್ಲ, ನಾಳೆ ಬಾರಮ್ಮ’ ಅನ್ನಿಸಿಕೊಂಡು ಖಾಲಿ ಚೀಲ ಮಡಚಿಕೊಂಡು ಹೋಗುವ ಕೂಲಿ ಹೆಂಗಸಿನ ವಿಷಯದಲ್ಲಿ ಯಾರ ಉದ್ದೇಶ ಹುಡುಕೋಣ? ಅಕ್ಕಿಯೂ ಇಲ್ಲ, ಆವತ್ತಿನ ಕೂಲಿಯೂ ಹೋಯ್ತು. ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಂಡವರ ಮೊಮ್ಮಕ್ಕಳು ಈಗ ಅಕ್ಕಿಗಾಗಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. (ಕೆಲಸ ಮಾಡಿ ಸವೆದ ಬೆರಳನ್ನು ಆ ಯಂತ್ರ ಗುರುತಿಸದೆ ಹೋಗುವುದೂ ಉಂಟು, ಆ ಮಾತು ಬೇರೆ.) ಬಾಗಿಲು ಮುಚ್ಚಿದ್ದು ಶತ್ರುವೋ ಪ್ರಭುತ್ವದ ಉದಾಸೀನವೋ, ಹಸಿದವಳ ಪಾಲಿಗೆ ಎರಡೂ ಒಂದೇ. ಹಾಗಿದ್ದ ಮೇಲೆ ಸರ್ಕಾರದ ಸಿದ್ಧತೆಯನ್ನು ಅವಳ ಕಡೆಯಿಂದ ಅಳೆಯಬೇಡವೇ?

ಏಮ್ಸನ್ನು ಉಳಿಸಿದ್ದು ದಾಳಿಗೆ ಸಿಕ್ಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರು, ಜೊತೆಗೆ ಪೆನ್ನು ಹಿಡಿದು ಕೂತ ನೌಕರರು. ನಮ್ಮ ರೇಷನ್ ಅಂಗಡಿಯಲ್ಲಿ, ಪಿಂಚಣಿ ಕೊಡೋ ಕಡೆ, ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರ ಕೈಕೊಟ್ಟ ದಿನ ತೆಗೆಯೋ ಪುಸ್ತಕ ಯಾವುದು? ಅದರಲ್ಲಿ ಬರೆಯೋರು ಯಾರು? ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಮುಂದಿನ ಗ್ರಾಮಸಭೆಯಲ್ಲಿ ಇಷ್ಟನ್ನು ಕೇಳಲಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಯೇ ಎದ್ದು ಬರಲಿ.