ಆಟಿಯ ಎಲೆ ಮತ್ತು ಹದಿನಾಲ್ಕು ವರ್ಷ

ಆಟಿ ತಿಂಗಳಲ್ಲಿ ನಮ್ಮ ಕಡೆಯ ಹಲವು ತುಳು ಮನೆಗಳಲ್ಲಿ ಸತ್ತವರಿಗೆ ಬಳಸುವ ಕ್ರಮ ಉಂಟು. ಹೊರಗೆ ಮಳೆ ಹಿಡಿದು ಸುರಿಯುತ್ತಿರುತ್ತದೆ. ಒಳಗೆ ಬಾಳೆಲೆಯಲ್ಲಿ ಅವರ ಪಾಲಿನ ಊಟವಾದ ಅಗೆಲು ಬಳಸಿ, ದೀಪ ಇಟ್ಟು, ಹೋದವರನ್ನು ಕರೆದು, ಬಾಗಿಲು ಮುಂದೆ ಮಾಡಿ ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಬಂದವರು ಉಂಡು ಹೋಗಲಿ ಎಂದು. ಅಕಾಲದಲ್ಲಿ ಹೋದವರಿಗೂ ಅಲ್ಲಿ ಎಲೆ ಉಂಟು. ಎಳವೆಯಲ್ಲೇ ತೀರಿಕೊಂಡ ಮಕ್ಕಳಿಗೆ, ಬದುಕಿದ್ದರೆ ಮದುವೆಯ ಪ್ರಾಯವಾಗುತ್ತಿತ್ತು ಎಂದು ಲೆಕ್ಕ ಹಾಕಿ ಮದುವೆ ಮಾಡಿಸುವ ಮನೆಗಳೂ ಇವೆ. ಕೊಲೆಯಾಗಿ ಹೋದವರೂ ಹಾಗೆಯೇ, ಕೋರ್ಟಿನ ಕಡತ ಮುಚ್ಚಿದ ಮೇಲೂ ನಮ್ಮಲ್ಲಿ ಮನೆಯ ಜನವಾಗಿಯೇ ಉಳಿಯುತ್ತಾರೆ.

ಅದೇ ಆಟಿ ಮುಗಿಯುವ ಹೊತ್ತಿಗೆ ಆಗಸ್ಟ್ 15 ಬರುತ್ತದೆ. ಸನ್ನಡತೆಯ ಆಧಾರದಲ್ಲಿ ಬಿಡುಗಡೆಯಾಗುವ ಕೈದಿಗಳ ಪಟ್ಟಿ ಹೊರಬೀಳುವುದು ಹೆಚ್ಚಾಗಿ ಆಗ, ಇಲ್ಲವೇ ಜನವರಿ 26ಕ್ಕೆ. ಒಂದು ಮನೆ ಎಲೆ ಹಾಕಿ ಬಾರದವರನ್ನು ಕರೆಯುತ್ತದೆ. ಇನ್ನೊಂದು ಮನೆ ಪಟ್ಟಿಯಲ್ಲಿ ಮಗನ ಹೆಸರು ಉಂಟೋ ಎಂದು ಕಾಯುತ್ತದೆ. ಪುತ್ತೂರು, ಸುಳ್ಯ, ಕಡಬದಂಥ ಕಡೆ ಈ ಎರಡು ಮನೆಗಳ ನಡುವೆ ಕೆಲವೊಮ್ಮೆ ಒಂದು ತೋಡು, ಒಂದು ಅಡಿಕೆ ತೋಟ ಅಷ್ಟೇ ಇರುತ್ತದೆ. ಶಿಕ್ಷೆ ಎಂಬುದು ಈ ಎರಡು ಮನೆಗಳಿಗೂ ಏನು ಹೇಳುತ್ತದೆ? ನನ್ನನ್ನು ಬಹುಕಾಲದಿಂದ ಬಿಡದೆ ಕಾಡುತ್ತಿರುವ ಪ್ರಶ್ನೆ ಇದು.

ಉಪ್ಪಿನಂಗಡಿಯಿಂದಲೇ ಶುರು ಮಾಡುತ್ತೇನೆ. ನೇತ್ರಾವತಿಯೂ ಕುಮಾರಧಾರೆಯೂ ಸೇರುವ, ಊರೂರಿನವರು ಸತ್ತವರ ಕ್ರಿಯೆ ಮುಗಿಸಲು ಬರುವ ಜಾಗ ಅದು. ಅಲ್ಲಿ ದರ್ಜಿ ಕೆಲಸ ಮಾಡುತ್ತಿದ್ದ ಒಬ್ಬಾತ 1994ರ ಫೆಬ್ರವರಿಯಲ್ಲಿ ಮಂಗಳೂರಿನ ಹತ್ತಿರದ ವಾಮಂಜೂರಿನಲ್ಲಿ ತನ್ನದೇ ಸಂಬಂಧಿಕರ ಮನೆಯ ನಾಲ್ವರನ್ನು ಕೊಂದ. 2002ರಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲು ವಿಧಿಸಿತು. 2003ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿಯನ್ನು ರಾಜ್ಯಪಾಲರು 2004ರಲ್ಲಿ ತಿರಸ್ಕರಿಸಿದರು. ರಾಷ್ಟ್ರಪತಿಗಳಿಂದ ಉತ್ತರ ಬಂದದ್ದು 2013ರಲ್ಲಿ. ಅಷ್ಟು ವರ್ಷ ಒಬ್ಬ ಮನುಷ್ಯನನ್ನು ಹಗ್ಗದ ನೆರಳಿನಲ್ಲಿ ಕಾಯಿಸುವುದೇ ಹಿಂಸೆ ಎಂದ ಸುಪ್ರೀಂ ಕೋರ್ಟ್, 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ ಹದಿನೈದು ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವರಲ್ಲಿ ಈತನೂ ಒಬ್ಬ. 2022ರಲ್ಲಿ ಸನ್ನಡತೆಯ ಬಿಡುಗಡೆಯ ಮಾತು ಎದ್ದಾಗ ಸತ್ತವರ ಕಡೆಯವರು ಬೇಡವೆಂದು ಪೊಲೀಸರ ಬಳಿಗೆ ಹೋದರು.

ಇಪ್ಪತ್ತೆಂಟು ವರ್ಷ. ಆ ಮನೆಗೆ ಮೊದಲು ಗಲ್ಲು ಎಂದು ಹೇಳಲಾಯಿತು, ಆಮೇಲೆ ಜೀವಾವಧಿ ಎಂದು, ಆಮೇಲೆ ಬಿಡುಗಡೆಯಾಗಬಹುದು ಎಂದು. ಒಂದೊಂದು ತೀರ್ಮಾನಕ್ಕೂ ಅದರದರ ಕಾರಣ ಇತ್ತು, 2014ರ ತೀರ್ಪು ನ್ಯಾಯವಾದುದೆಂದೇ ನಾನು ನಂಬುತ್ತೇನೆ. ಆದರೆ ಪ್ರತಿ ಸಲವೂ ಆ ಮನೆಯವರು ಮುಚ್ಚಿದ ಗಾಯವನ್ನು ಮತ್ತೆ ತೆರೆಯಬೇಕಾಯಿತು. ಕಾಯುವುದು ಹಿಂಸೆ ಎಂಬ ಮಾತು ಕೈದಿಗೆ ಎಷ್ಟು ಸತ್ಯವೋ ಅವರಿಗೂ ಅಷ್ಟೇ ಸತ್ಯ.

ಈ ಜೀವಾವಧಿ ಎಂದರೆ ಎಷ್ಟು ವರ್ಷ? ನಮ್ಮ ಕಿವಿಗೆ ಹದಿನಾಲ್ಕು ಎಂಬ ಸಂಖ್ಯೆ ವನವಾಸದ್ದು. ತಾಳಮದ್ದಳೆ ಕೇಳಿ ಬೆಳೆದವರಿಗೆ ಪಾದುಕಾ ಪ್ರದಾನದ ಸಂದರ್ಭ ಗೊತ್ತು. ಹಿಂದಿರುಗು ಎಂದು ಭರತ ಎಷ್ಟು ಬೇಡಿದರೂ ರಾಮ ಅವಧಿ ತುಂಬದೆ ಹೊರಡುವುದಿಲ್ಲ. ತುಂಬಿದ ಮೇಲೆ ಊರು ದೀಪ ಹಚ್ಚಿ ಕರೆದುಕೊಳ್ಳುತ್ತದೆ. ಅದಕ್ಕೇ ಇರಬೇಕು, ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ಜಗಲಿಯಲ್ಲಿ ಕೂತವರೆಲ್ಲ ಹೇಳುವುದು. ಕಾನೂನು ಹಾಗೆ ಹೇಳುವುದಿಲ್ಲ. ಜೀವಾವಧಿ ಎಂದರೆ ಉಸಿರು ಇರುವವರೆಗೆ ಎಂದು ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ತೀರ್ಮಾನಿಸಿದೆ. ಶಿಕ್ಷೆಯನ್ನು ಕಡಿಮೆ ಮಾಡುವ ಅಧಿಕಾರ ಸರಕಾರಕ್ಕೆ ಉಂಟು. ಆದರೆ ಗಲ್ಲು ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆದವನನ್ನು ಹದಿನಾಲ್ಕು ವರ್ಷ ಒಳಗಿರಿಸದೆ ಆ ಅಧಿಕಾರ ಬಳಸಿ ಬಿಡುವಂತಿಲ್ಲ ಎಂದು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಎಂಬ ಕಲಮು ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಮಾತು 475ನೇ ಕಲಮಿನಲ್ಲಿ ಉಂಟು. ಹದಿನಾಲ್ಕು ವರ್ಷ ಕಳೆದವನಿಗೆ ಸಿಗುವುದು ಬಾಗಿಲು ತಟ್ಟುವ ಅವಕಾಶ ಮಾತ್ರ. ತೆರೆಯಬೇಕೋ ಬೇಡವೋ ಎಂಬುದು ಬೇರೆ ವಿಚಾರಣೆ.

ಕೆಲವರಿಗೆ ಆ ಬಾಗಿಲೇ ಇಲ್ಲ. ಬಾಗಿಲಿಲ್ಲದ ಆ ಶಿಕ್ಷೆಗೆ ದಾರಿ ಮಾಡಿದ್ದೂ ಕರ್ನಾಟಕದ ಪ್ರಕರಣವೇ. ಬೆಂಗಳೂರಿನಲ್ಲಿ 1991ರಲ್ಲಿ ಹೆಂಡತಿಯನ್ನು ಕೊಂದ ಸ್ವಾಮಿ ಶ್ರದ್ಧಾನಂದನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಗಲ್ಲಿಗೂ ಹದಿನಾಲ್ಕು ವರ್ಷಕ್ಕೂ ನಡುವೆ ಇನ್ನೊಂದು ಶಿಕ್ಷೆ ಇರಬೇಕೆಂದು ಕಂಡುಕೊಂಡಿತು. ಸಾಯುವವರೆಗೆ ಸೆರೆ, ರಿಯಾಯಿತಿ ಇಲ್ಲ. 2015ರಲ್ಲಿ ಸಂವಿಧಾನ ಪೀಠವೂ ಅದನ್ನು ಒಪ್ಪಿತು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳನ್ನು ಮದುವೆಯ ಆಸೆ ತೋರಿಸಿ ಕರೆದೊಯ್ದು, ಸಯನೈಡ್ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸಾಯಲು ಬಿಟ್ಟ ಮಾಜಿ ಶಿಕ್ಷಕ ಮೋಹನ್ ಕುಮಾರ್ 2009ರಲ್ಲಿ ಸಿಕ್ಕಿಬಿದ್ದ. ಆ ಹೆಣ್ಣುಮಕ್ಕಳಲ್ಲಿ ಸುಳ್ಯ ತಾಲೂಕಿನವರೂ ಇದ್ದರು. 2013ರಲ್ಲಿ ಅವನಿಗಾದ ಗಲ್ಲನ್ನು ಒಂದು ಪ್ರಕರಣದಲ್ಲಿ ಹೈಕೋರ್ಟ್ 2017ರಲ್ಲಿ ಹೀಗೇ ಕೊನೆಯುಸಿರಿನವರೆಗಿನ ಸೆರೆಗೆ ಇಳಿಸಿತು. ಕ್ಷಮೆಯ ಬಗ್ಗೆ ಬರೆಯಲು ಕೂತಾಗೆಲ್ಲ ಆ ನಿಲ್ದಾಣಗಳು ನನ್ನ ಕಣ್ಣಿಗೆ ಬರುತ್ತವೆ. ಕೆಲವು ಕೃತ್ಯಗಳ ಮುಂದೆ ಬಾಗಿಲು ಮುಚ್ಚಿಯೇ ಇರಲಿ ಎಂದು ಸಮಾಜ ಹೇಳಿದರೆ ಅದು ಕ್ರೌರ್ಯವೆಂದು ನನಗೆ ಅನಿಸುವುದಿಲ್ಲ.

ಪೆರೋಲ್ ಇದಕ್ಕಿಂತ ಬೇರೆ. ಅದು ಬಿಡುಗಡೆಯಲ್ಲ. ತಂದೆ ತೀರಿಕೊಂಡರು, ಮಗಳ ಮದುವೆ, ಮನೆಯ ಮಾಡು ಕುಸಿಯಿತು ಎಂದು ಕೆಲವು ದಿನಕ್ಕೆ ಮನೆಗೆ ಹೋಗಿ, ಹೇಳಿದ ತಾರೀಕಿಗೆ ಜೈಲಿನ ಬಾಗಿಲಿಗೆ ಹಿಂದಿರುಗುವ ಕರಾರು. 2024ರ ಕೊನೆಗೆ ಕರ್ನಾಟಕ ಹೈಕೋರ್ಟ್ ಕನಕಪುರದ ಕಡೆಯ ಒಬ್ಬ ಜೀವಾವಧಿ ಕೈದಿಗೆ ಬೇಸಾಯ ನೋಡಿಕೊಳ್ಳಲು 90 ದಿನ ಕೊಟ್ಟಿತು. ಹನ್ನೊಂದು ವರ್ಷ ಅವನು ಒಮ್ಮೆಯೂ ಹೊರಗೆ ಬಂದಿರಲಿಲ್ಲ. ಅಡಿಕೆ ಬೆಳೆಯುವವರಿಗೆ ಹನ್ನೊಂದು ವರ್ಷದ ಅಳತೆ ಗೊತ್ತು. ನಮ್ಮ ಕಡೆಯ ಒಬ್ಬ ಜೈಲಿಗೆ ಹೋದ ವರ್ಷ ನೆಟ್ಟ ಸಸಿ ಅಷ್ಟರಲ್ಲಿ ಫಲ ಕೊಡಲು ತೊಡಗಿ ವರ್ಷಗಳೇ ಆಗಿರುತ್ತವೆ. ಮದ್ದು ಬಿಡಲು, ಕೊಯ್ಲಿಗೆ ಯಾರದೋ ಕೈಕಾಲು ಹಿಡಿದ ಒಂದು ಹೆಂಗಸು ಆ ತೋಟದಲ್ಲಿ ಇರುತ್ತಾಳೆ. ಯಾವ ತಪ್ಪನ್ನೂ ಮಾಡದ ಅವಳಿಗೂ ಶಿಕ್ಷೆಯ ಪಾಲು ಬಂದಿರುತ್ತದೆ. ದೂರದ ಸೆಂಟ್ರಲ್ ಜೈಲಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಅರೆಗಳಿಗೆ ಮಾತಾಡಿ ಬರುವುದು ಅವಳ ಸಂಸಾರ.

ಪೆರೋಲ್ ಅರ್ಜಿ ಬಂದಾಗ ಊರಿನ ಠಾಣೆಯಿಂದ ವರದಿ ಕೇಳುತ್ತಾರೆ. ಇವನು ಬಂದರೆ ಶಾಂತಿ ಕೆಡಬಹುದೇ ಎಂಬುದು ಅದರ ತಿರುಳು. ಆಳವಾಗಿ ನೋಡಿದರೆ ಆ ಪ್ರಶ್ನೆ ಊರಿಗೇ ಕೇಳಿದ್ದು. ಒಂದು ಕೃತ್ಯಕ್ಕಿಂತ ಹೆಚ್ಚಿನದೇನಾದರೂ ಈ ಮನುಷ್ಯನಲ್ಲಿ ಉಳಿದಿದೆಯೆಂದು ನೀವು ನಂಬುತ್ತೀರಾ ಎಂದು. ತಾರೀಕಿಗೆ ಸರಿಯಾಗಿ ತಾನಾಗಿ ಹಿಂದಿರುಗಿ ಜೈಲಿನ ಬಾಗಿಲಲ್ಲಿ ನಿಲ್ಲುವವನು ಆ ಪ್ರಶ್ನೆಗೆ ತನ್ನ ಉತ್ತರ ಕೊಟ್ಟಿರುತ್ತಾನೆ. ಗೋಡೆ ಹಿಡಿದಿಟ್ಟ ಹದಿನಾಲ್ಕು ವರ್ಷಕ್ಕಿಂತ ಮಾತು ಹಿಡಿದಿಟ್ಟ ಆ ಒಂದು ಸಂಜೆ ಅವನ ಬಗ್ಗೆ ಹೆಚ್ಚು ಹೇಳುತ್ತದೆ.

ಇಷ್ಟು ನಂಬಿದರೂ ಒಂದು ಕಡೆ ನನ್ನ ಮನಸ್ಸು ತಡೆಯುತ್ತದೆ. ಜೀವಾವಧಿ ಕೈದಿಯನ್ನು ಬಿಡುವಾಗ ಏನೇನು ನೋಡಬೇಕೆಂದು ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಐದು ಸಂಗತಿಗಳನ್ನು ಹೇಳಿತು. ಆ ಅಪರಾಧ ಸಮಾಜವನ್ನೇ ಬಾಧಿಸಿತೇ, ಅವನು ಮತ್ತೆ ತಪ್ಪು ಮಾಡಬಹುದೇ, ತಪ್ಪು ಮಾಡುವ ಶಕ್ತಿ ಅವನಲ್ಲಿ ಉಳಿದಿದೆಯೇ, ಇನ್ನೂ ಒಳಗಿಡುವುದರಿಂದ ಪ್ರಯೋಜನವುಂಟೇ, ಅವನ ಕುಟುಂಬದ ಸ್ಥಿತಿ ಏನು. ಐದೂ ಒಳ್ಳೆಯ ಪ್ರಶ್ನೆಗಳು. ಕೊಂದವನ ಮನೆಯ ಸ್ಥಿತಿಗೂ ಅಲ್ಲಿ ಜಾಗ ಉಂಟು. ಸತ್ತವರ ಮನೆಯ ಹೆಸರಿನಲ್ಲಿ ಒಂದು ಪ್ರಶ್ನೆಯೂ ಇಲ್ಲ. ಬಿಲ್ಕಿಸ್ ಬಾನು ಪ್ರಕರಣದ ಹನ್ನೊಂದು ಅಪರಾಧಿಗಳು 2022ರ ಆಗಸ್ಟ್ 15ರಂದು ಹೊರಬಂದರು. ಅವರನ್ನು ಬಿಡುವ ಅಧಿಕಾರವೇ ಗುಜರಾತ್ ಸರಕಾರಕ್ಕೆ ಇರಲಿಲ್ಲ ಎಂದು 2024ರ ಜನವರಿ 8ರಂದು ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಲ್ಲಿಯೂ ನೊಂದವಳೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ನೊಂದ ಮನೆ ಬೇಡವೆಂದರೆ ಯಾರನ್ನೂ ಬಿಡಬಾರದೆಂದು ನಾನು ಹೇಳುವುದಿಲ್ಲ. ಶಿಕ್ಷೆಯ ತಕ್ಕಡಿಯನ್ನು ದುಃಖದ ಕೈಗೆ ಕೊಡುವುದು ದುಃಖದಲ್ಲಿರುವವರಿಗೂ ಭಾರವೇ. ಆದರೆ ಅವರ ಬಾಗಿಲಿಗೆ ಸರಕಾರ ಮೊದಲು ಹೋಗಬೇಕು. ಇಂಥವನು ಇಂಥ ದಿನ ಬರುವ ಸಂಭವ ಉಂಟು, ಇಂಥ ಕಾರಣಕ್ಕೆ, ನಿಮಗೆ ಹೇಳಲಿಕ್ಕೆ ಏನಾದರೂ ಉಂಟೇ ಎಂದು ಕೂತು ಕೇಳಬೇಕು. ಪೇಟೆಯಲ್ಲಿ ಎದುರಾದಾಗ, ಜಾತ್ರೆಯ ಗದ್ದೆಯಲ್ಲಿ ಆ ಮುಖ ಕಂಡಾಗ ಅವರಿಗೆ ಗೊತ್ತಾಗುವಂತೆ ಆಗಬಾರದು.

ಅಗೆಲಿನ ಎಲೆಯ ಮುಂದೆ ನಿಂತಾಗ ನನಗೆ ಇದೇ ಕಾಣುತ್ತದೆ. ಹೋದವರೂ ವರ್ಷಕ್ಕೊಮ್ಮೆ ಮನೆಗೆ ಬರಬಹುದೆಂದು ನಂಬುವ ಊರು ನಮ್ಮದು. ಅಂಥ ಊರು ಬದುಕಿರುವ ಒಬ್ಬನಿಗೆ ಮನೆಯ ದಾರಿ ಎಂದೆಂದಿಗೂ ಇಲ್ಲವೆಂದು ಸುಲಭವಾಗಿ ಹೇಳಲಾರದು. ಆದರೆ ಎಲೆ ಹಾಕುವಾಗ ನಾವು ಮೊದಲು ಮಾಡುವುದು ಹೆಸರು ಹೇಳಿ ಕರೆಯುವುದನ್ನು. ಕೊಂದವನಿಗೆ ಬಾಗಿಲು ತೆರೆಯುವ ದಿನ, ಅವನಿಂದ ಸತ್ತವರ ಹೆಸರನ್ನೂ ಯಾರಾದರೂ ಗಟ್ಟಿಯಾಗಿ ಹೇಳಲಿ. ಆಮೇಲೆ ಬಾಗಿಲು ತೆರೆಯಲಿ.